ಒಂದೇ ಮಾರ್ಕೆಟ್ಟು, ಒಂದೇ ಲೆನ್ಸು

ಮೈಸೂರಲ್ಲಿ ಫೋಟೋಗ್ರಫಿ ಓದುತ್ತಿದ್ದೇನೆ. ಈ ಸೆಮಿಸ್ಟರಿನಲ್ಲಿ ನಮಗೆ ಕೊಟ್ಟ ಕೆಲಸ ಇಷ್ಟೇ: ಒಂದೇ ಜಾಗ, 50 ಎಂಎಂ ಲೆನ್ಸ್ ಮಾತ್ರ, ಆಮೇಲೆ ಫೋಟೋ ಕ್ರಾಪ್ ಮಾಡುವ, ಅಂದರೆ ಅಂಚು ಕತ್ತರಿಸುವ ಹಾಗಿಲ್ಲ. ನಾನು ಆರಿಸಿಕೊಂಡಿದ್ದು ದೇವರಾಜ ಮಾರ್ಕೆಟ್.

ನನ್ನದು ಕ್ರಾಪ್ ಸೆನ್ಸರ್ ಕ್ಯಾಮೆರಾ, ಅಂದರೆ ಬೆಳಕು ಹಿಡಿಯುವ ಸೆನ್ಸರ್ ಫುಲ್ ಫ್ರೇಮ್ ಕ್ಯಾಮೆರಾದ್ದಕ್ಕಿಂತ ಚಿಕ್ಕದು. ಅದರಲ್ಲಿ 50 ಎಂಎಂ ಹಾಕಿದರೆ ಫುಲ್ ಫ್ರೇಮಿನ 75 ಎಂಎಂ ಥರ ಕಾಣುತ್ತೆ, ಚಿತ್ರದಲ್ಲಿ ಹಿಡಿಸೋ ಜಾಗ ಕಡಿಮೆಯಾಗುತ್ತೆ. ಸಂದಿಯಂಥ ದಾರಿಯಲ್ಲಿ ಹಿಂದೆ ಸರಿಯೋಣ ಅಂದ್ರೆ ಬೆನ್ನಿಗೆ ಬಾಳೆಗೊನೆ ತಾಗುತ್ತೆ. ಇಡೀ ಅಂಗಡಿ ಹಿಡಿಸೋದಿಲ್ಲ, ಹಾಗಾಗಿ ಕಣ್ಣು ತಾನಾಗೇ ಸಣ್ಣ ಸಂಗತಿಗಳ ಕಡೆ ಹೋಗುತ್ತೆ. ನನಗೆ ಇದೇ ದೊಡ್ಡ ಲಾಭವಾಯಿತು.

ಹೂವಿನ ಸಾಲಲ್ಲಿ ಮೊದಲು ಮಾತು, ಆಮೇಲೆ ಕ್ಯಾಮೆರಾ. ಮಲ್ಲಿಗೆ ಮಾರುವ ಒಬ್ಬ ಅಮ್ಮ "ನನ್ನ ಮುಖ ಯಾಕೆ ಮಗಾ, ಹೂವು ತೆಗಿ" ಅಂದರು. ಸರಿ ಅಂತ ಅವರ ಕೈಗಳನ್ನೇ ನೋಡುತ್ತಾ ಕೂತೆ. ಮೊಳ ಹಾಕುವಾಗ ಮೊಣಕೈಯಿಂದ ಬೆರಳ ತುದಿವರೆಗೆ ಹೂವಿನ ಎಳೆ ಬಿಗಿಯಾಗಿ ನಿಲ್ಲುತ್ತೆ, ಕೊನೆಗೆ ಬೆರಳು ಒಂಚೂರು ಮುಂದೆ ಜಾರುತ್ತೆ, ಗಿರಾಕಿಗೆ ನಾಲ್ಕು ಮೊಗ್ಗು ಜಾಸ್ತಿ ಸಿಗುತ್ತೆ. ಆ ಒಂದು ಕ್ಷಣ ನನಗೆ ಬೇಕಿತ್ತು. ಕೈ ಸ್ಪಷ್ಟವಾಗಿ ಬರಬೇಕಾದರೆ ಶಟರ್ 1/250 ಸೆಕೆಂಡು, ಎಳೆ ಓಡಿದ ಹಾಗೆ ಕಾಣಬೇಕಾದರೆ 1/30. ನನಗೆ ಇಷ್ಟವಾಗಿದ್ದು ಎರಡನೆಯದು.

ಮಲ್ಲಿಗೆ ರಾಶಿ ತೆಗೆಯುವಾಗ ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಹೇಳಿದ್ದನ್ನು ಹಾಗೇ ಕೇಳಬೇಡಿ. ಫ್ರೇಮ್ ತುಂಬ ಬಿಳಿ ಇದ್ದರೆ ಕ್ಯಾಮೆರಾ ಅದನ್ನು ಬೂದು ಬಣ್ಣಕ್ಕೆ ಇಳಿಸುತ್ತೆ, ಒಂದು ಸ್ಟಾಪ್ ಏರಿಸಿದರೆ, ಅಂದರೆ ಬೆಳಕು ಎರಡರಷ್ಟು ಮಾಡಿದರೆ, ಹೂವು ಹೂವಿನ ಥರ ಕಾಣುತ್ತೆ. ಕುಂಕುಮದ ಗುಡ್ಡೆಗೆ ಇದಕ್ಕೆ ಉಲ್ಟಾ. ಕೆಂಪು ಚಾನೆಲ್, ಅಂದರೆ ಫೋಟೋದಲ್ಲಿ ಕೆಂಪು ಬಣ್ಣ ದಾಖಲಾಗುವ ಭಾಗ, ಬೇಗ ತುಂಬಿಹೋಗಿ ಪುಡಿಯ ನಯವೆಲ್ಲ ಅಳಿಸಿಹೋಗುತ್ತೆ. ಫೋಟೋದ ಬೆಳಕು-ಕತ್ತಲೆ ಎಷ್ಟಿದೆ ಅಂತ ತೋರಿಸುವ ಮಾಮೂಲಿ ಹಿಸ್ಟೋಗ್ರಾಂ ನಕ್ಷೆಯಲ್ಲಿ ಇದು ಗೊತ್ತಾಗದೇ ಇರಬಹುದು, ಮೂರು ಬಣ್ಣಗಳನ್ನು ಬೇರೆಬೇರೆ ತೋರಿಸುವುದನ್ನು ನೋಡಿಕೊಂಡು ಸ್ವಲ್ಪ ಇಳಿಸಬೇಕು.

ಇನ್ನು ನೀಲಿ ಟಾರ್ಪಾಲು. ಅದರ ಕೆಳಗೆ ಎಲ್ಲರ ಮುಖವೂ ನೀಲಿ, ಪಕ್ಕದಲ್ಲೇ ಹಳದಿ ಬಲ್ಬು. ಈ ಎರಡನ್ನೂ ಒಂದೇ ವೈಟ್ ಬ್ಯಾಲೆನ್ಸಿನಲ್ಲಿ (ಬೆಳಕಿನ ಬಣ್ಣ ಸರಿದೂಗಿಸುವ ಸೆಟ್ಟಿಂಗ್) ಸರಿಮಾಡೋಕೆ ಆಗಲ್ಲ. ನಾನು ಮುಖದ ಮೇಲೆ ಒಂದೇ ಬೆಳಕು ಬೀಳುವ ಹಾಗೆ ನಿಂತ ಜಾಗ ಬದಲಿಸುತ್ತಿದ್ದೆ, ಎರಡು ಹೆಜ್ಜೆ ಆಚೀಚೆ ಹೋದರೆ ಸಾಕು.

ಪ್ರಿಂಟ್ ಹಾಕಿಸಿ ಎಲ್ಲರಿಗೂ ಕೊಟ್ಟೆ. ಇದನ್ನು ಯಾರೂ ಬಿಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಆ ಅಮ್ಮ ತಮ್ಮ ಕೈಯ ಫೋಟೋ ನೋಡಿ ನಕ್ಕು, "ಈಗ ಮುಖದ್ದೂ ಒಂದು ತೆಗಿ" ಅಂದರು.

ಕ್ಲಾಸಿನ ಕೆಲಸ ಇಲ್ಲದ ಬೆಳಿಗ್ಗೆ ಸುಮ್ನೆ ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇನೆ. ಹೆಜ್ಜಾರ್ಲೆ ಹಾರುವಾಗ 1/1000ಕ್ಕಿಂತ ಕಡಿಮೆ ಇಡಲ್ಲ. ರೆಕ್ಕೆ ಬಿಚ್ಚಿ ಒಣಗಿಸುತ್ತಾ ಕೂತ ಹಾವಕ್ಕಿಗೆ ಅಷ್ಟು ವೇಗ ಬೇಡ, ಅದು ಪುರುಸೊತ್ತಾಗಿ ಕೂತಿರುತ್ತೆ. ಮಾರ್ಕೆಟ್ಟಿನಲ್ಲಿ ಕಾದು ಕೂರುವ ಅಭ್ಯಾಸ ಆಗಿರೋದರಿಂದ ಇಲ್ಲೂ ಹಕ್ಕಿಯ ಬೆನ್ನು ಹತ್ತದೆ ಒಂದೇ ಕಡೆ ಕೂರುತ್ತೇನೆ.

ಅರಮನೆ ದೀಪಾಲಂಕಾರ ತೆಗೆಯಬೇಕು ಅನ್ನುವವರಿಗೆ ಒಂದು ಮಾತು. ಭಾನುವಾರ ಸಂಜೆ ಏಳಕ್ಕೆ ದೀಪ ಹತ್ತುತ್ತೆ. ಡಿಸೆಂಬರಿನಲ್ಲಿ ಆರು ಗಂಟೆ ಸುಮಾರಿಗೇ ಸೂರ್ಯ ಮುಳುಗೋದರಿಂದ ಅಷ್ಟೊತ್ತಿಗೆ ಆಕಾಶ ಕಪ್ಪಾಗಿರುತ್ತೆ. ಜೂನಿನಲ್ಲಾದರೆ ಮುಳುಗೋದು ಏಳಕ್ಕೆ ಸ್ವಲ್ಪ ಮುಂಚೆ, ದೀಪ ಹತ್ತಿದ ಮೇಲೂ ಆಕಾಶ ನೀಲಿಯಾಗೇ ಇರುತ್ತೆ. ಮಳೆ ಬಿಡುವು ಕೊಟ್ಟ ಭಾನುವಾರ ನೋಡಿಕೊಂಡು ಹೋಗಿ, ಬಲ್ಬಿನ ಸಾಲಿಗೆ ಎಕ್ಸ್‌ಪೋಶರ್ ಹೊಂದಿಸಿ.