ಗಂಟೆಯ ದರ ನೋಡಿ ಸೇರಿದೆ, ಕ್ಯಾಲೆಂಡರ್ ನೋಡಿ ಬಿಟ್ಟೆ

ವಿಮಾನ ಹಾರಿಸಲು ಕಲಿಸುವ ಸ್ಕೂಲಿನಲ್ಲಿ ನನ್ನ ಮೊದಲ ಇನ್‌ಸ್ಟ್ರಕ್ಟರ್ ಪರಿಚಯವಾದ ದಿನ ಅವರ ಲಾಗ್‌ಬುಕ್‌ನಲ್ಲಿ 1380 ಗಂಟೆಯ ಹಾರಾಟ ಇತ್ತು. ಅವರೇ ಖುಷಿಯಿಂದ ಹೇಳಿದರು. ಇಷ್ಟು ಹಾರಿದವರು ಸಿಕ್ಕರಲ್ಲ ಎಂದು ನನಗೂ ಸಂತೋಷವಾಯಿತು. ಏಳು ವಾರ ಆಯಿತು, ಅವರು ಏರ್‌ಲೈನ್ ಕೆಲಸಕ್ಕೆ ಹೊರಟುಹೋದರು. ನಾನಿನ್ನೂ ಲ್ಯಾಂಡಿಂಗ್ ಕಲಿಯುತ್ತಿದ್ದೆ.

ಅಮೆರಿಕದಲ್ಲಿ ಏರ್‌ಲೈನ್ ಪೈಲಟ್ ಆಗಲು ಸಾಮಾನ್ಯವಾಗಿ 1500 ಗಂಟೆ ಹಾರಿರಬೇಕು. 2009ರಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್ 3407 ವಿಮಾನ ಬಿದ್ದ ಮೇಲೆ ಕಾನೂನು ಬದಲಾಯಿತು. 2013ರಿಂದ ಕೋ-ಪೈಲಟ್‌ಗೂ ಈ ನಿಯಮ ಬಂತು. ಅಷ್ಟು ಗಂಟೆ ಕೂಡಿಸಲು ಹೊಸ ಪೈಲಟ್‌ಗಳಿಗೆ ಇರುವ ಮುಖ್ಯ ದಾರಿ ನಮ್ಮಂಥವರಿಗೆ ಕಲಿಸುವುದು. ತಿಂಗಳಿಗೆ ಎಪ್ಪತ್ತು ಎಂಬತ್ತು ಗಂಟೆ ಹಾರುವವರಿಗೆ 1380 ಆಗಿದೆ ಅಂದರೆ ಎರಡು ತಿಂಗಳೊಳಗೆ ಹೊರಡುತ್ತಾರೆ ಎಂದೇ ಲೆಕ್ಕ. ಅವರದೇನೂ ತಪ್ಪಿಲ್ಲ. ಬಹಳ ಚೆನ್ನಾಗಿ ಕಲಿಸುತ್ತಿದ್ದರು. ಅವರು ಹೋದರೆ ಮುಂದೆ ನನಗೆ ಯಾರು ಎಂದು ಸೇರುವ ದಿನವೇ ಸ್ಕೂಲಿನವರನ್ನು ಕೇಳಬೇಕಿತ್ತು. ನಾನು ಕೇಳಲಿಲ್ಲ.

ಇದು 2022ರ ಮಾತು. ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ಸಾಫ್ಟ್‌ವೇರ್ ಕೆಲಸ. ಪೈಲಟ್ ವೃತ್ತಿಗೆ ಹೋಗುವ ಯೋಚನೆ ಇರಲಿಲ್ಲ. ನಾನೇ ನಡೆಸುವ ಸಣ್ಣ ವಿಮಾನದಲ್ಲಿ ಮನೆಯವರನ್ನು ಕೂರಿಸಿಕೊಂಡು ಹೋಗಬೇಕು ಅನ್ನೋದು ಬಹಳ ವರ್ಷದ ಆಸೆ. ಅದಕ್ಕೆ ಬೇಕಾದದ್ದು ಪ್ರೈವೇಟ್ ಪೈಲಟ್ ಲೈಸೆನ್ಸ್. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಈ ಬೇ ಏರಿಯಾದಲ್ಲಿ ಪಾಲೊ ಆಲ್ಟೊ, ಸ್ಯಾನ್ ಕಾರ್ಲೋಸ್, ಹೇವರ್ಡ್, ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ, ಲಿವರ್‌ಮೋರ್, ಹೀಗೆ ಸಣ್ಣ ವಿಮಾನ ನಿಲ್ದಾಣಗಳಿಗೆ ಬರವಿಲ್ಲ. ಸ್ಕೂಲ್‌ಗಳೂ ಸಾಕಷ್ಟಿವೆ. ಆಯ್ಕೆ ಜಾಸ್ತಿ ಇದ್ದಾಗ ಎಲ್ಲರೂ ನೋಡುವುದು ದರ ಅಲ್ವಾ? ನಾನೂ ಅದನ್ನೇ ನೋಡಿದೆ.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆ. ಕನ್ನಡ ಕೂಟದಲ್ಲಿ ಪರಿಚಯವಾದ ಹಿರಿಯರೊಬ್ಬರು ಮೊದಲೇ ಲೈಸೆನ್ಸ್ ಪಡೆದವರು. ‘ನೋಡಪ್ಪಾ, ಯಾರಿಗೂ ಒಂದು ಡಾಲರ್ ಕೊಡುವ ಮುಂಚೆ ಮೆಡಿಕಲ್ ಮಾಡಿಸಿಕೋ’ ಎಂದಿದ್ದರು. ನಾನು ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ಮಾನ್ಯತೆ ಇರುವ ವೈದ್ಯರು ನನ್ನ ಡಾಕ್ಟರ ಪತ್ರ ನೋಡಿ ಅಲ್ಲೇ ಥರ್ಡ್ ಕ್ಲಾಸ್ ಎನ್ನುವ ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟರು. ಎಲ್ಲರಿಗೂ ಇಷ್ಟು ಸುಲಭವಾಗುವುದಿಲ್ಲ. ಕೆಲವು ಕಾಯಿಲೆ, ಕೆಲವು ಮಾತ್ರೆ ಇದ್ದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಮೆಡಿಕಲ್ ಇಲ್ಲದೆ ಒಬ್ಬರೇ ಹಾರುವಂತಿಲ್ಲ. ಇಪ್ಪತ್ತು ಗಂಟೆ ಕಲಿತ ಮೇಲೆ ಇದು ಗೊತ್ತಾದರೆ ಬಹಳ ಕಷ್ಟ.

ಇನ್ನೊಂದು ನಮ್ಮವರಿಗೆ ಮುಖ್ಯವಾದ ವಿಷಯ. ನಾನಾಗ ಎಚ್-1ಬಿ ವೀಸಾದಲ್ಲಿದ್ದೆ. ಅಮೆರಿಕದ ಪ್ರಜೆಯಲ್ಲದವರು, ಗ್ರೀನ್ ಕಾರ್ಡ್ ಇದ್ದವರೂ ಸೇರಿ, ಪೈಲಟ್ ತರಬೇತಿಗೆ ಮುಂಚೆ ಸಾರಿಗೆ ಭದ್ರತೆ ನೋಡುವ ಸರ್ಕಾರಿ ಸಂಸ್ಥೆ ಟಿಎಸ್‌ಎಯ ಅನುಮತಿ ಪಡೆಯಬೇಕು. ಅರ್ಜಿ, ಶುಲ್ಕ, ಬೆರಳಚ್ಚು ಎಲ್ಲ ಆಗಬೇಕು. ಸ್ಕೂಲ್ ಕೂಡ ಆ ವ್ಯವಸ್ಥೆಯಲ್ಲಿ ನೋಂದಾಯಿಸಿರಬೇಕು. ಫೋನ್ ಮಾಡಿದಾಗ ಕೆಲವು ಕಡೆ ‘ನಾವು ಅದನ್ನು ಮಾಡುವುದಿಲ್ಲ’ ಎಂದುಬಿಟ್ಟರು. ಅದಕ್ಕೇ ಮೊದಲ ಫೋನ್‌ನಲ್ಲೇ ಇದನ್ನು ಕೇಳಿ. ನನ್ನ ಕಾಲದಲ್ಲಿ ಸ್ಕೂಲ್ ಬದಲಿಸಿದರೆ ಮತ್ತೆ ಅರ್ಜಿ, ಮತ್ತೆ ಶುಲ್ಕ. 2024ರ ಹೊಸ ನಿಯಮದಲ್ಲಿ ಒಮ್ಮೆ ಸಿಕ್ಕ ಅನುಮತಿ 5 ವರ್ಷದವರೆಗೆ ನಡೆಯುತ್ತದೆ.

ಮೊದಲ ಸ್ಕೂಲಿನ ಹೆಸರು ಬೇಡ. ಕೊಲ್ಲಿಯ ಪಕ್ಕದ ಒಂದು ಬಿಡುವಿಲ್ಲದ ನಿಲ್ದಾಣದಲ್ಲಿತ್ತು. ಸೆಸ್ನಾ 172 ಎಂಬ ಸಣ್ಣ ವಿಮಾನಕ್ಕೆ ಪೆಟ್ರೋಲ್ ಸೇರಿ ಗಂಟೆಗೆ 165 ಡಾಲರ್, ಇನ್‌ಸ್ಟ್ರಕ್ಟರ್‌ಗೆ 70. ಉಳಿದ ಕಡೆಗಿಂತ 45 ಡಾಲರ್ ಕಡಿಮೆ. ಅದೇ ನನ್ನನ್ನು ಸೆಳೆದಿದ್ದು.

ನನಗೆ ಸಿಗುತ್ತಿದ್ದ ಸಮಯ ಬೆಳಿಗ್ಗೆ 8 ಗಂಟೆ, ಆಫೀಸಿಗೆ ಮುಂಚೆ. ಬೇಸಿಗೆಯಲ್ಲಿ ಸಮುದ್ರದ ಕಡೆಯಿಂದ ತಗ್ಗಿನ ಮೋಡ ಬಂದು ಕೊಲ್ಲಿಯ ಮೇಲೆ ಕೂರುತ್ತದೆ. ಬಿಸಿಲೇರಿ ಅದು ಕರಗುವಾಗ ಹತ್ತು, ಹನ್ನೊಂದು ಗಂಟೆ. ಕಲಿಯುವವರು ಮೋಡದೊಳಗೆ ಹಾರುವಂತಿಲ್ಲ. ಹಾಗಾಗಿ ಜೂನ್, ಜುಲೈ ಪೂರ್ತಿ ವಾರಕ್ಕೆ ಒಂದು ಪಾಠ ಸಿಕ್ಕರೆ ಪುಣ್ಯ. ಅದೇ ಹೊತ್ತಿಗೆ ಬೆಟ್ಟದಾಚೆಯ ಲಿವರ್‌ಮೋರ್‌ನಲ್ಲಿ ಎಷ್ಟೋ ದಿನ ಒಳ್ಳೆ ಬಿಸಿಲಿರುತ್ತಿತ್ತು. ಇದು ಬೇ ಏರಿಯಾದಲ್ಲಿ ನಾಲ್ಕು ವರ್ಷ ಇದ್ದ ನನಗೆ ಗೊತ್ತಿದ್ದ ಸಂಗತಿಯೇ. ಸ್ಕೂಲ್ ಆರಿಸುವಾಗ ಹೊಳೆಯಲಿಲ್ಲ.

ಬಿಲ್ ಬರುವುದು ಹಾಬ್ಸ್ ಮೀಟರ್ ಮೇಲೆ. ಎಂಜಿನ್ ಓಡುತ್ತಿದ್ದರೆ ಅದೂ ಓಡುತ್ತದೆ, ವಿಮಾನ ನೆಲದ ಮೇಲೆ ನಿಂತಿದ್ದರೂ ಸರಿ. ಆ ನಿಲ್ದಾಣದಲ್ಲಿ ಟೇಕಾಫ್‌ಗೆ ಸಾಲು ಇರುತ್ತಿತ್ತು. ಹತ್ತು ಹನ್ನೆರಡು ನಿಮಿಷ ಕಾಯುವುದು ಮಾಮೂಲು. ಅಭ್ಯಾಸದ ಜಾಗಕ್ಕೆ ಹೋಗಲು 15 ನಿಮಿಷ, ಬರಲು 15 ನಿಮಿಷ. ವಿಮಾನ, ಇನ್‌ಸ್ಟ್ರಕ್ಟರ್ ಸೇರಿ ನಿಮಿಷಕ್ಕೆ ಸುಮಾರು 4 ಡಾಲರ್. ಒಂದೂವರೆ ಗಂಟೆಗೆ ದುಡ್ಡು ಕೊಟ್ಟು ಮುಕ್ಕಾಲು ಗಂಟೆ ಕಲಿಯುತ್ತಿದ್ದೆ. ಕಾಗದದ ಮೇಲೆ ಕಡಿಮೆ ಇದ್ದ ದರ ನಿಜದಲ್ಲಿ ಜಾಸ್ತಿಯೇ ಆಗಿತ್ತು.

ಸ್ಕೂಲಿನಲ್ಲಿ ಇದ್ದದ್ದು ಎರಡು 172. ಒಂದರ ಎಂಜಿನ್ ಬಿಚ್ಚಿ ರಿಪೇರಿಗೆ ಕಳಿಸಿದರು. ಉಳಿದ ಒಂದಕ್ಕೆ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು. ಮೊದಲ ಇನ್‌ಸ್ಟ್ರಕ್ಟರ್ ಹೋದ ಮೇಲೆ ಎರಡನೆಯವರು, ಆಮೇಲೆ ಮೂರನೆಯವರು ಬಂದರು. ಒಬ್ಬರು ಫೈನಲ್‌ನಲ್ಲಿ, ಅಂದರೆ ಇಳಿಯುವ ಮುಂಚಿನ ಕೊನೆಯ ನೇರ ದಾರಿಯಲ್ಲಿ, ವೇಗ 65 ನಾಟ್ ಇರಲಿ ಎನ್ನುತ್ತಿದ್ದರು, ಇನ್ನೊಬ್ಬರು 70. ಇಬ್ಬರೂ ನನ್ನನ್ನು ಮೊದಲಿನಿಂದ ಪರೀಕ್ಷೆ ಮಾಡಿದರು. ಮಾಡಲೇಬೇಕು, ನನ್ನನ್ನು ಒಬ್ಬನೇ ಬಿಡಲು ಸಹಿ ಹಾಕುವವರು ಅವರು. ಆದರೆ ದುಡ್ಡು, ಸಮಯ ಎರಡೂ ನನ್ನವು. ಎರಡು ವಾರ ಬಿಟ್ಟು ಹೋದರೆ ಲ್ಯಾಂಡಿಂಗ್‌ನಲ್ಲಿ ವಿಮಾನದ ಮೂಗು ಎತ್ತುವ ಅಂದಾಜೇ ಕೈತಪ್ಪಿರುತ್ತಿತ್ತು. ‘ರೀ, ಈ ಶನಿವಾರವೂ ಕ್ಯಾನ್ಸಲ್ಲಾ?’ ಎಂದು ಹೆಂಡತಿ ಕೇಳಿದಾಗ ಉತ್ತರ ಕೊಡಲೂ ಬೇಜಾರಾಗುತ್ತಿತ್ತು.

ಆಗಸ್ಟ್ ಕೊನೆಗೆ 22.6 ಗಂಟೆ ಆಗಿತ್ತು. ಸೋಲೋ, ಅಂದರೆ ಒಬ್ಬನೇ ಹಾರುವುದು, ಇನ್ನೂ ಆಗಿರಲಿಲ್ಲ. ಬಿಟ್ಟೆ.

5 ಪರ್ಸೆಂಟ್ ರಿಯಾಯಿತಿ ಸಿಗುತ್ತದೆ ಎಂದು ಸ್ವಲ್ಪ ದೊಡ್ಡ ಮೊತ್ತವನ್ನೇ ಮುಂಗಡ ಕಟ್ಟಿದ್ದೆ. ಉಳಿದ ದುಡ್ಡು ವಾಪಸ್ ಬರಲು ಏಳು ವಾರ ಹಿಡಿಯಿತು. ಬಂತಲ್ಲ, ಅದೇ ಸಮಾಧಾನ. 2008ರಲ್ಲಿ ನೆವಾಡಾದ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ಒಂದೇ ದಿನದಲ್ಲಿ ಬಾಗಿಲು ಹಾಕಿದಾಗ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಬೀದಿಗೆ ಬಿದ್ದರು. ಎಷ್ಟೋ ಜನ ಸುಮಾರು 70 ಸಾವಿರ ಡಾಲರ್ ಸಾಲ ಮಾಡಿ ಮೊದಲೇ ಕಟ್ಟಿದ್ದರು. ದಯವಿಟ್ಟು ಹಾರಿದಷ್ಟಕ್ಕೆ ಮಾತ್ರ ದುಡ್ಡು ಕೊಡಿ. ಎರಡು ಮೂರು ಪಾಠದ ಮುಂಗಡಕ್ಕಿಂತ ಜಾಸ್ತಿ ಯಾರ ಕೈಯಲ್ಲೂ ಇಡಬೇಡಿ, ಎಷ್ಟೇ ಒಳ್ಳೆಯವರಾಗಿರಲಿ.

ಎರಡನೇ ಸಲ ನಾನು ಅವಸರ ಮಾಡಲಿಲ್ಲ. ಮೂರು ಸ್ಕೂಲ್‌ಗಳಲ್ಲಿ ಡಿಸ್ಕವರಿ ಫ್ಲೈಟ್, ಅಂದರೆ ಸೇರುವ ಮುಂಚಿನ ಪರಿಚಯದ ಹಾರಾಟ, ತೆಗೆದುಕೊಂಡೆ. ಇದಕ್ಕೆ ಟಿಎಸ್‌ಎ ಅನುಮತಿ ಬೇಕಿಲ್ಲ. ಪ್ರತಿ ಕಡೆ ಎರಡು ಸಲ ಹೋದೆ, ಒಂದು ವಾರದ ದಿನ, ಒಂದು ಶನಿವಾರ. ಕೌಂಟರ್‌ನಲ್ಲಿ ‘ಮುಂದಿನ ಎರಡು ವಾರದ ಬುಕಿಂಗ್ ಕ್ಯಾಲೆಂಡರ್ ತೋರಿಸುತ್ತೀರಾ?’ ಎಂದು ಕೇಳಿದೆ. ಒಂದು ಕಡೆ ತೋರಿಸಲು ಒಪ್ಪಲಿಲ್ಲ. ಇನ್ನೊಂದು ಕಡೆ ವಿಮಾನಗಳು ಖಾಲಿ ಇದ್ದವು, ಇನ್‌ಸ್ಟ್ರಕ್ಟರ್‌ಗಳು ಇರಲಿಲ್ಲ. ಲಿವರ್‌ಮೋರ್‌ನಲ್ಲಿ ಮಾಲೀಕರೇ ಪರದೆ ತಿರುಗಿಸಿ ತೋರಿಸಿದರು. ಐದು 172. ವಾರಕ್ಕೆ ಮೂರು ದಿನ ನನಗೆ ಆಗುವ ಹೊತ್ತಿನಲ್ಲಿ ಜಾಗ ಇತ್ತು. ಗಂಟೆಗೆ ವಿಮಾನಕ್ಕೆ 195, ಇನ್‌ಸ್ಟ್ರಕ್ಟರ್‌ಗೆ 85. ಈ ಸಲ ದರ ನೋಡಿ ಹಿಂದೆ ಸರಿಯಲಿಲ್ಲ.

ಮನಸ್ಸು ಗಟ್ಟಿಯಾಗಿದ್ದು ಮಾತ್ರ ಬೇರೆ ಕಾರಣಕ್ಕೆ. ನಾನು ಅಲ್ಲಿ ಕುಳಿತಿದ್ದಾಗ ಒಬ್ಬ ಹುಡುಗಿ ರನ್‌ವೇ ಹತ್ತಿರದಿಂದ ವಿಮಾನ ವಾಪಸ್ ತಂದಳು. ಟೇಕಾಫ್‌ಗೆ ಮುಂಚೆ ಮ್ಯಾಗ್ನೆಟೋ (ಎಂಜಿನ್‌ಗೆ ಕಿಡಿ ಕೊಡುವ ಭಾಗ) ಪರೀಕ್ಷೆ ಮಾಡುವಾಗ ಎಂಜಿನ್ ನಡುಗಿತು ಎಂದಳು. ಕೌಂಟರ್‌ನವರು ‘ವಾಪಸ್ ಬಂದದ್ದು ಒಳ್ಳೆಯದಾಯಿತು’ ಎಂದು ಆ ಹೊತ್ತಿನ ಬಿಲ್ ತೆಗೆದುಹಾಕಿದರು. ಪಕ್ಕದ ಹ್ಯಾಂಗರ್‌ನಿಂದ ಮೆಕ್ಯಾನಿಕ್ ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಹಿಂದಿನ ಸ್ಕೂಲಿನಲ್ಲಿ ನಾನು ಇದೇ ಕಾರಣಕ್ಕೆ ವಾಪಸ್ ಬಂದಾಗ 0.3 ಗಂಟೆಯ ಬಿಲ್ ಹಾಕಿದ್ದರು. ಮೊತ್ತ ದೊಡ್ಡದಲ್ಲ. ಆದರೆ ಅನುಮಾನ ಬಂದರೆ ವಾಪಸ್ ಬರುವುದಕ್ಕೆ ವಿದ್ಯಾರ್ಥಿ ದಂಡ ಕಟ್ಟಬಾರದು. ಹಾಗೆ ಕಟ್ಟಿಸುವ ಜಾಗದಲ್ಲಿ ಮುಂದಿನ ಸಲ ಅವನು ‘ಪರವಾಗಿಲ್ಲ, ಹೋಗೋಣ’ ಎಂದುಕೊಳ್ಳಬಹುದು. ಇದನ್ನು ಬರೆಯುವಾಗಲೂ ನನಗೆ ಆತಂಕವಾಗುತ್ತದೆ.

ಆ ಮೆಕ್ಯಾನಿಕ್ ಜೊತೆ ಅರ್ಧ ಗಂಟೆ ಮಾತಾಡಿದೆ. ದುಡ್ಡಿಗೆ ಕಲಿಸಲು ಸ್ಕೂಲ್ ಕೊಡುವ ವಿಮಾನಕ್ಕೆ ವರ್ಷಕ್ಕೊಂದು ತಪಾಸಣೆಯ ಜೊತೆಗೆ ಪ್ರತಿ 100 ಗಂಟೆಗೊಮ್ಮೆಯೂ ತಪಾಸಣೆ ಆಗಬೇಕು. ಕೊನೆಯದು ಯಾವಾಗ ಆಯಿತು, ಮುಂದಿನದು ಯಾವಾಗ ಎಂದು ಲಾಗ್‌ಬುಕ್ ತೆಗೆದು ತೋರಿಸಿದರು. ದೋಷ ಬರೆಯುವ ಹಾಳೆಗಳನ್ನೂ ನೋಡಿದೆ. ಬರೆದ ದೋಷದ ಎದುರು ರಿಪೇರಿಯಾದ ತಾರೀಕು ಇತ್ತು, ಹೆಚ್ಚಿನವು ಎರಡು ಮೂರು ದಿನದೊಳಗೆ. ಮೊದಲ ಸ್ಕೂಲಿನಲ್ಲಿ ಲ್ಯಾಂಡಿಂಗ್ ಲೈಟ್ ಉರಿಯುತ್ತಿಲ್ಲ ಎಂದು ಬರೆದದ್ದು ಎರಡು ತಿಂಗಳು ಹಾಗೇ ಇತ್ತು. ವಿಮಾನದ ಬಣ್ಣ, ಸೀಟು, ಹೊಸ ಪರದೆಗಳನ್ನು ನೋಡಬೇಡಿ. ಈ ಹಾಳೆ ನೋಡಿ.

ಇನ್‌ಸ್ಟ್ರಕ್ಟರ್ ವಿಷಯದಲ್ಲಿ ಈ ಸಲ ನೇರವಾಗಿ ಕೇಳಿದೆ. ‘ನಿಮ್ಮ ಒಟ್ಟು ಗಂಟೆ ಎಷ್ಟು? ಮುಂದಿನ ಎಂಟು ತಿಂಗಳು ಇಲ್ಲೇ ಇರುತ್ತೀರಾ?’ ಯಾರೂ ತಪ್ಪು ತಿಳಿಯಲಿಲ್ಲ. ನನಗೆ ಸಿಕ್ಕವರು ಅರವತ್ತು ದಾಟಿದ, ನಿವೃತ್ತ ಎಂಜಿನಿಯರ್. ಕಲಿಸುವುದಕ್ಕಾಗಿಯೇ ಕಲಿಸುವವರು. ಹಾಗಂತ ಚಿಕ್ಕ ವಯಸ್ಸಿನವರು ಬೇಡ ಅಂತಲ್ಲ. ನಾನೂರು ಗಂಟೆ ಇರುವ ಇನ್‌ಸ್ಟ್ರಕ್ಟರ್ ನಿಮ್ಮ ಚೆಕ್‌ರೈಡ್‌ವರೆಗೆ, ಅಂದರೆ ಲೈಸೆನ್ಸಿನ ಕೊನೆಯ ಪರೀಕ್ಷೆಯವರೆಗೆ, ಇರುತ್ತಾರೆ, ಉತ್ಸಾಹದಿಂದಲೂ ಕಲಿಸುತ್ತಾರೆ. ಡಿಸ್ಕವರಿ ಫ್ಲೈಟ್‌ನಲ್ಲಿ ಗಮನಿಸಬೇಕಾದ್ದು ಒಂದೇ: ಯಾರ ಕೈ ಕಂಟ್ರೋಲ್ ಮೇಲೆ ಇತ್ತು? ಇವರು ಇಡೀ ಹೊತ್ತು ಕೈಕಟ್ಟಿ ಕೂತಿದ್ದರು, ಮಾತಿನಲ್ಲೇ ಹಾರಿಸಿದರು.

ಎಫ್‌ಎಎ ನಿಯಮದಲ್ಲಿ ಪಾರ್ಟ್ 61, ಪಾರ್ಟ್ 141 ಎಂದು ಎರಡು ಬಗೆಯ ಸ್ಕೂಲ್ ಇವೆ. ಲೈಸೆನ್ಸ್‌ಗೆ ಮೊದಲನೆಯದರಲ್ಲಿ ಕನಿಷ್ಠ 40 ಗಂಟೆ ಹಾರಬೇಕು, ಎರಡನೆಯದರಲ್ಲಿ 35. ಕೆಲಸದ ಜೊತೆ ಕಲಿಯುವವರು ಈ ಐದು ಗಂಟೆಗೆ ತಲೆ ಕೆಡಿಸಿಕೊಳ್ಳುವುದು ಬೇಡ. ನಮ್ಮಲ್ಲಿ ಹೆಚ್ಚಿನವರಿಗೆ ಅರವತ್ತು ದಾಟುತ್ತದೆ. ಬರೆದಿಟ್ಟ ಪಾಠಕ್ರಮ ಇದೆಯಾ, ನಡುವೆ ಬೇರೆ ಇನ್‌ಸ್ಟ್ರಕ್ಟರ್ ಪರೀಕ್ಷೆ ಮಾಡುತ್ತಾರಾ ಎಂದು ಕೇಳಿ. ಸ್ಕೂಲಿನ ವಿಮೆ ಮುಖ್ಯವಾಗಿ ಸ್ಕೂಲನ್ನು ಕಾಯುತ್ತದೆ. ವಿಮಾನ ಬಾಡಿಗೆಗೆ ಪಡೆಯುವವರಿಗೆ ಇರುವ ರೆಂಟರ್ಸ್ ವಿಮೆಯನ್ನು ನೀವೇ ಮಾಡಿಸಿಕೊಳ್ಳಿ.

ರೇಡಿಯೋ ನನಗೆ ಕಷ್ಟವಾಯಿತು. ನಾನು ಇಂಗ್ಲಿಷ್ ವೇಗವಾಗಿ ಮಾತಾಡುತ್ತೇನೆ, ನಿಲ್ದಾಣದ ಕಂಟ್ರೋಲ್ ಟವರ್‌ನವರು ‘ಸೇ ಅಗೇನ್’ ಎಂದಾಗಲೆಲ್ಲ ಗಾಬರಿಯಾಗುತ್ತಿತ್ತು. ಹೊಸ ಇನ್‌ಸ್ಟ್ರಕ್ಟರ್ ಕಾರಿನಲ್ಲಿ ಟವರ್ ಮತ್ತು ಪೈಲಟ್‌ಗಳ ಮಾತು ನೇರವಾಗಿ ಕೇಳಿಸುವ ಲೈವ್‌ಎಟಿಸಿ ಹಾಕಿಕೊಂಡು ಕೇಳಲು ಹೇಳಿದರು. ಪ್ರತಿ ಮಾತನ್ನೂ ನನ್ನ ವಿಮಾನಕ್ಕೇ ಹೇಳಿದ ಹಾಗೆ ತಿರುಗಿ ಹೇಳಬೇಕು, ನಿಧಾನವಾಗಿ. ಫ್ರೀಮಾಂಟ್‌ನಿಂದ ಲಿವರ್‌ಮೋರ್‌ಗೆ ಹೋಗುವ ದಾರಿಯಲ್ಲಿ ಮೂರು ವಾರ ಅದನ್ನೇ ಮಾಡಿದೆ. ಉಚ್ಚಾರಣೆ ಬದಲಾಯಿಸಬೇಕಾಗಿ ಬರಲಿಲ್ಲ. ವೇಗ ಇಳಿಸಿದೆ, ಅಷ್ಟೇ ಸಾಕಾಯಿತು.

ನವೆಂಬರ್ ಕೊನೆಗೆ ಸೋಲೋ ಆಯಿತು. ಲಿವರ್‌ಮೋರ್‌ನ ದೊಡ್ಡ ರನ್‌ವೇ 5 ಸಾವಿರ ಅಡಿಗೂ ಉದ್ದ, ಕಲಿಯುವವರಿಗೆ ಧೈರ್ಯ ಕೊಡುತ್ತದೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಒಂದರ ಹಿಂದೆ ಒಂದು ಬಿರುಮಳೆ. ಮೂರು ವಾರ ಹಾರಾಟವಿಲ್ಲ. ಆದರೆ ಈ ಸ್ಕೂಲ್ ನನ್ನನ್ನು ಮನೆಯಲ್ಲಿ ಕೂರಿಸಲಿಲ್ಲ. ಬುಕ್ ಆಗಿದ್ದ ಪ್ರತಿ ಹೊತ್ತನ್ನೂ ನೆಲದ ಪಾಠ ಮಾಡಿದರು, ಸಿಮ್ಯುಲೇಟರ್‌ನಲ್ಲಿ ಕೂರಿಸಿದರು. ಆ ಮಳೆಯಲ್ಲೇ ಲಿಖಿತ ಪರೀಕ್ಷೆ ಮುಗಿಸಿದೆ.

ಲೈಸೆನ್ಸ್‌ಗೆ ಬೇಕಾದ, ಒಬ್ಬನೇ ಹೋಗುವ ದೂರದ ಹಾರಾಟ ಪಾರ್ಟ್ 61ರಲ್ಲಿ ಒಟ್ಟು 150 ನಾಟಿಕಲ್ ಮೈಲಿಯಾದರೂ ಇರಬೇಕು, ಮೂರು ಕಡೆ ಇಳಿಯಬೇಕು. ನಾನು ಲಿವರ್‌ಮೋರ್‌ನಿಂದ ಮರ್ಸೆಡ್, ಅಲ್ಲಿಂದ ಸಲಿನಾಸ್, ವಾಪಸ್ ಲಿವರ್‌ಮೋರ್ ಎಂದು ಹಾಕಿಕೊಂಡೆ. ಮಾರ್ಚ್ ತಿಂಗಳು, ಮಳೆ ಬಂದು ಬೆಟ್ಟಗಳೆಲ್ಲ ಮಲೆನಾಡಿನ ಹಾಗೆ ಹಸಿರು. ಸಲಿನಾಸ್ ಟವರ್ ನನ್ನನ್ನು ಒಮ್ಮೆಯೂ ‘ಸೇ ಅಗೇನ್’ ಅನ್ನಲಿಲ್ಲ.

ಸೇರುವಾಗಲೇ ಕೇಳಿದ್ದ ಇನ್ನೊಂದು ಪ್ರಶ್ನೆ ಕೊನೆಗೆ ಕೆಲಸಕ್ಕೆ ಬಂತು: ಚೆಕ್‌ರೈಡ್‌ಗೆ ಪರೀಕ್ಷಕರು ಸಿಗಲು ಎಷ್ಟು ದಿನ ಕಾಯಬೇಕು? ಪರೀಕ್ಷಕರು ಕಡಿಮೆ, ವಿದ್ಯಾರ್ಥಿಗಳು ಜಾಸ್ತಿ. ಕಾಯುವಾಗಲೂ ಅಭ್ಯಾಸ ಬಿಡುವಂತಿಲ್ಲ, ಖರ್ಚು ನಿಲ್ಲುವುದಿಲ್ಲ. ನನ್ನ ಸ್ಕೂಲ್ ಆರು ವಾರ ಮುಂಚೆಯೇ ದಿನ ಗೊತ್ತು ಮಾಡಿತ್ತು. 2023ರ ಮೇ ತಿಂಗಳಲ್ಲಿ ಪಾಸಾದೆ. ಎಲ್ಲ ಸೇರಿ ಸುಮಾರು 20 ಸಾವಿರ ಡಾಲರ್ ಆಗಿತ್ತು. ಲಾಗ್‌ಬುಕ್‌ನಲ್ಲಿ 66.8 ಗಂಟೆ. ಮುಂದಿನ ಶನಿವಾರ ಕ್ಯಾನ್ಸಲ್ ಆಗಲಿಲ್ಲ. ಬಲಗಡೆ ಸೀಟಿನಲ್ಲಿ ಹೆಂಡತಿ ಇದ್ದಳು. ಆಲ್ಟಮಾಂಟ್ ಬೆಟ್ಟದ ಗಾಳಿಯಂತ್ರಗಳ ಮೇಲೆ ಒಂದು ಸುತ್ತು ಹೊಡೆದು, ಟ್ರೇಸಿಯಲ್ಲಿ ಇಳಿದು, ಮನೆಯಿಂದ ತಂದಿದ್ದ ಚಿತ್ರಾನ್ನ ತಿಂದು ವಾಪಸ್ ಬಂದೆವು.