ಸೊಪ್ಪು ಬಿಡಿಸುತ್ತಾ ಬರೆದುಕೊಂಡ ಅಜ್ಜಿಯ ಕಥೆ

"ಅಜ್ಜಿ, ನಿನ್ನ ಜೀವನದ ಕಥೆ ಹೇಳು" ಅಂತ ಮೊದಲ ದಿನ ಮೊಬೈಲ್ ಮುಂದಿಟ್ಟು ಕೇಳಿದೆ. ಅಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಎಂಥದು ಹೇಳದು? ಹಡ್ದೆ, ದುಡ್ದೆ. ಅಷ್ಟೇಯ" ಅಂದಳು. ರೆಕಾರ್ಡಿಂಗ್ ಒಂದು ನಿಮಿಷವೂ ಆಗಿರಲಿಲ್ಲ.

ಏಳು ಮಕ್ಕಳನ್ನು ಹೆತ್ತು ಐದು ಜನರನ್ನು ಉಳಿಸಿಕೊಂಡವಳು, ಹದಿನಾಲ್ಕು ಮೊಮ್ಮಕ್ಕಳ ತಲೆಗೆ ಎಣ್ಣೆ ಹಚ್ಚಿದವಳು. ಅವಳ ಬಗ್ಗೆ ಬರೆಯಬೇಕು ಅಂತ ಹೊರಟ ನನಗೆ ಆವತ್ತು ಏನೂ ತೋಚಲಿಲ್ಲ. ಮೊಬೈಲ್ ಎತ್ತಿಟ್ಟೆ.

ದಾರಿ ಸಿಕ್ಕಿದ್ದು ಭೂಮಿ ಹುಣ್ಣಿಮೆಯ ಹಿಂದಿನ ದಿನ. ಸಾಗರದ ಕಡೆ ನಮ್ಮ ದೀವರು ಸಮುದಾಯದ ಮನೆಗಳಲ್ಲಿ ಅದು ದೊಡ್ಡ ಹಬ್ಬ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ. ಅಂದರೆ ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ ಹಾಕಬೇಕು. ಅದಕ್ಕೆ ಬೆರಕೆ ಸೊಪ್ಪು, ಅಂದರೆ ಹಲವು ಬಗೆ ಸೇರಿಸಿದ ಸೊಪ್ಪು ಬೇಕು. ಅಜ್ಜಿ ಜಗಲಿಯಲ್ಲಿ ಸೊಪ್ಪಿನ ರಾಶಿ ಹಾಕಿಕೊಂಡು ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತು ಬಿಡಿಸುತ್ತಾ, ಸುಮ್ನೆ ಕೇಳಿದೆ: "ಇಷ್ಟೊಂದು ಸೊಪ್ಪು ನಿಂಗೆ ಯಾರು ತೋರಿಸಿಕೊಟ್ಟಿದ್ದು?"

ನಲವತ್ತು ನಿಮಿಷ ಮಾತಾಡಿದಳು. ಅತ್ತೆ ಅವಳನ್ನು ಬೇಲಿ ಬದಿಗೆ ಕರಕೊಂಡು ಹೋಗಿ ಒಂದೊಂದೇ ಎಲೆ ಮುರಿದು ಮೂಸಿಸಿದ್ದು. ಮಳೆಗಾಲದಲ್ಲಿ ಅಕ್ಕಿ ತೀರಿದಾಗ ಇದೇ ಸೊಪ್ಪು ಮನೆ ಕಾಪಾಡಿದ್ದು. ಬಾಣಂತಿಗೆ ಯಾವುದು ಕೂಡದು, ಯಾವುದು ಬೇಕೇ ಬೇಕು ಅನ್ನೋದು. ಅಲ್ಲಿಂದ ಮಾತು ಬಾಣಂತನಕ್ಕೆ ಹೊರಳಿತು, ಆಮೇಲೆ ತೀರಿಕೊಂಡ ಎರಡು ಕೂಸುಗಳಿಗೆ. ಆ ಕೂಸುಗಳ ಬಗ್ಗೆ ನಮ್ಮ ಅಪ್ಪನಿಗೂ ಗೊತ್ತಿರಲಿಲ್ಲ.

ಆಮೇಲೆ ನಾನು ಜೀವನದ ಬಗ್ಗೆ ಕೇಳಲೇ ಇಲ್ಲ. ಕೈಯಲ್ಲಿ ಇರೋ ಕೆಲಸದ ಬಗ್ಗೆ ಕೇಳಿದೆ. ಮೊಬೈಲನ್ನು ಮೊರದ ಹತ್ತಿರ, ಬಟ್ಟೆ ಮೇಲೆ ಇಡುತ್ತಿದ್ದೆ. ನೆಲದ ಮೇಲಿಟ್ಟರೆ ಮೊರ ಸರಿದ ಸದ್ದೇ ಜಾಸ್ತಿ ಬರುತ್ತದೆ. ಫ್ಯಾನ್ ಇದ್ದರೆ ಆರಿಸುತ್ತಿದ್ದೆ. ಅವಳು ಸುಮ್ಮನಾದಾಗ ನಾನೂ ಸುಮ್ಮನಿರುವುದನ್ನು ಕಲಿಯಲು ಮಾತ್ರ ತುಂಬಾ ದಿನ ಬೇಕಾಯಿತು. ಎಷ್ಟೋ ಕಡೆ ನಾನೇ ಬಾಯಿ ಹಾಕಿ ಮಾತು ಕೆಡಿಸಿದ್ದೇನೆ. ಈಗ ಕೇಳುವಾಗ ಅಲ್ಲೆಲ್ಲ ಹೊಟ್ಟೆ ಉರಿಯುತ್ತದೆ.

ವಯಸ್ಸು ಹಿಡಿಯೋದೇ ಒಂದು ದೊಡ್ಡ ಕೆಲಸವಾಯಿತು. ಆಧಾರ್ ಕಾರ್ಡಿನಲ್ಲಿ 1-1-1940 ಅಂತಿದೆ. ಆ ಕಾಲದ ಎಷ್ಟೋ ಜನರ ಕಾರ್ಡಿನಲ್ಲಿ ಜನವರಿ ಒಂದೇ ಇರುತ್ತದೆ, ಅಲ್ವಾ? ಆದರೆ ಹಿರೇಭಾಸ್ಕರ ಅಣೆಕಟ್ಟಿನ ನೀರು ತವರಿನ ಗದ್ದೆಗೆ ನುಗ್ಗಿದಾಗ ದೊಡ್ಡಪ್ಪ ಅವಳ ಕಂಕುಳಲ್ಲಿದ್ದ. ಜೋಗದಲ್ಲಿ ಆ ನೀರಿನಿಂದ ಕರೆಂಟು ಶುರುವಾಗಿದ್ದು 1948ರಲ್ಲಿ. ಕಾರ್ಡು ನಂಬಿದರೆ ಎಂಟು ವರ್ಷಕ್ಕೇ ಕೂಸು ಎತ್ತಿಕೊಂಡಿರಬೇಕು. ಮದುವೆಯಾಗಿ ಎರಡು ಮಳೆಗಾಲ ಕಳೆದ ಮೇಲೆ ದೊಡ್ಡಪ್ಪ ಹುಟ್ಟಿದ್ದು ಅಂದಳು. ಮದುವೆ ಹೊತ್ತಿಗೆ ಅವಳಿಗೆ ಹದಿನಾಲ್ಕೋ ಹದಿನೈದೋ. ಹಾಗೆ ಹಿಂದಕ್ಕೆ ಎಣಿಸಿ, ಹುಟ್ಟಿದ್ದು 1931ರ ಆಸುಪಾಸು ಅಂತ ಬರೆದುಕೊಂಡೆ.

ಎರಡನೇ ಗುರುತು ನಮ್ಮ ಸಾಗರ ತಾಲ್ಲೂಕಿನ ಹಳ್ಳಿ ಕಾಗೋಡು. 1951ರಲ್ಲಿ ಅಲ್ಲಿ ಗೇಣಿ ರೈತರು ಜಮೀನ್ದಾರರ ವಿರುದ್ಧ ಸತ್ಯಾಗ್ರಹಕ್ಕೆ ಇಳಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಹೋರಾಟ ಅದು. ಅಜ್ಜಿಗೆ ಲೋಹಿಯಾ ಗೊತ್ತಿಲ್ಲ, ಕೊಳಗ ಗೊತ್ತು. "ಅವ್ರು ಕೊಡೋ ಕೊಳಗ ಬ್ಯಾರೆ, ತಗಳೋ ಕೊಳಗ ಬ್ಯಾರೆ" ಅಂದು, ಎರಡೂ ಕೈ ಅಗಲಿಸಿ ಅಳತೆ ತೋರಿಸಿದಳು. ಭತ್ತ ಅಳೆಯೋ ಕೊಳಗದ ಆ ಮೋಸ ಎಪ್ಪತ್ತು ವರ್ಷದ ಮೇಲೂ ಅವಳ ಕೈಗಳಲ್ಲಿ ಉಳಿದಿತ್ತು. ಆಗ ದೊಡ್ಡತ್ತೆ ಹೊಟ್ಟೆಯಲ್ಲಿದ್ದಳಂತೆ.

ಮೂರನೆಯದು ಲಿಂಗನಮಕ್ಕಿ. ಅಣೆಕಟ್ಟು 1964ರಲ್ಲಿ ಮುಗಿಯಿತು, ಗಂಡನ ಮನೆಯ ಊರು ಪೂರ್ತಿ ಶರಾವತಿಯ ಹಿನ್ನೀರಿನೊಳಗೆ ಹೋಯಿತು. ಲಾರಿಯಲ್ಲಿ ಏನೇನು ತಂದೆ ಅಂತ ಕೇಳಿದೆ. ಬಿತ್ತನೆ ಭತ್ತ, ಬೀಸುಕಲ್ಲು, ಮನೆಯ ಬಾಗಿಲು, ಎರಡು ಹಸು. ಸ್ವಲ್ಪ ಹೊತ್ತು ಬಿಟ್ಟು, "ಗೋಡೆ ತರಕ್ಕಾಗ್ಲಿಲ್ಲ" ಅಂದಳು.

ಗೋಡೆ ಅಂದರೆ ಹಸೆ ಗೋಡೆ, ಮದುವೆಗೆ ಚಿತ್ತಾರ ಬರೆಯೋ ಗೋಡೆ. ನಾದಿನಿಯ ಮದುವೆಗೆ ಅವಳೇ ಬರೆದ ಚಿತ್ತಾರ ಅದರ ಮೇಲಿತ್ತು. ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಎಷ್ಟು ದಿನ ಹಿಡಿಯಿತು ಅಂದೆ. ಹಗಲೆಲ್ಲ ಗದ್ದೆ, ರಾತ್ರಿ ಚಿಮಣಿ ಬೆಳಕಲ್ಲಿ ಬರೆದಿದ್ದಂತೆ. ಮಗು ಅತ್ತಾಗ ಎದ್ದು ಹಾಲು ಕೊಟ್ಟು ಮತ್ತೆ ಬಂದು ಎಳೆ ಸೇರಿಸಿದ್ದಂತೆ. ಗೋಡೆ ಕರಗುವಾಗ ಬಿಳಿ ಮೊದಲು ಹೋಗಿರುತ್ತದೋ ಕೆಂಪೋ ಅಂತ ಅವಳು ನನ್ನನ್ನೇ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಸ ಜಾಗದ ಹಕ್ಕುಪತ್ರಕ್ಕೆ ಮನೆಯವರು ಎಷ್ಟು ವರ್ಷ ಕಚೇರಿ ಅಲೆದರು ಅನ್ನೋದನ್ನೂ ಹೇಳಿದಳು. ಆದರೆ ಅವಳ ದನಿ ನಡುಗಿದ್ದು ಗೋಡೆಯ ವಿಷಯಕ್ಕೆ.

ಮರುದಿನ ಭೂಮಣ್ಣಿ ಬುಟ್ಟಿ, ಅಂದರೆ ಭೂಮಿ ಹುಣ್ಣಿಮೆಗೆ ಬಯಕೆ ಊಟ ಗದ್ದೆಗೆ ಒಯ್ಯೋ ಬುಟ್ಟಿ ತಂದು ಅವಳ ಮುಂದಿಟ್ಟೆ. ಕೆಮ್ಮಣ್ಣು ಬಳಿದು ಒಣಗಿಸಿದ್ದೆ. ಪುಂಡಿ ನಾರಿನ ಕುಂಚ ಹಿಡಿದಳು. ಕೈ ನಡುಗುತ್ತಿತ್ತು. ಆದರೆ ಕುಂಚದ ತುದಿ ಬುಟ್ಟಿಗೆ ತಾಗಿದ ಕೂಡಲೇ ನಡುಕ ನಿಂತಿತು. ಉಸಿರು ಹಿಡಿದು ಒಂದು ಎಳೆ ಎಳೆಯುತ್ತಾಳೆ, ಉಸಿರು ಬಿಟ್ಟು ಕುಂಚ ಅದ್ದುತ್ತಾಳೆ. ಮೂರು ಎಳೆ ಒಂದಕ್ಕೊಂದು ತಾಗದ ಹಾಗೆ ಜೊತೆಯಾಗಿ ಹೋಗಬೇಕು. ಆ ವಿಡಿಯೋದಲ್ಲಿ ಮುಖ ಇಲ್ಲ, ಬರೀ ಕೈ ಮತ್ತು ಉಸಿರಿನ ಸದ್ದು. ನನ್ನ ಹತ್ತಿರ ಇರೋದರಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಎರಡು ವರ್ಷದಲ್ಲಿ ಹನ್ನೊಂದು ಗಂಟೆ ಮಾತು ಸೇರಿತು. ಬರೆದುಕೊಳ್ಳುವಾಗ ಮೊದಲು ಅವಳ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಿಬಿಟ್ಟಿದ್ದೆ. ಓದಿದರೆ ಯಾರೋ ಮೇಷ್ಟ್ರು ಮಾತಾಡಿದ ಹಾಗಿತ್ತು. ಅಷ್ಟನ್ನೂ ಬಿಟ್ಟು, ಕೇಳಿದ ಹಾಗೇ ಮತ್ತೆ ಬರೆದೆ. ಅತ್ತೆ ಒಂದು ಹೇಳಿ, ದೊಡ್ಡಪ್ಪ ಇನ್ನೊಂದು ಹೇಳಿದ ಕಡೆ ಎರಡನ್ನೂ ಹಾಕಿದೆ. ಒಬ್ಬ ತಾಯಿ ಐದು ಮಕ್ಕಳಿಗೂ ಒಂದೇ ಥರ ಕಂಡಿರಲ್ಲ.

ಒಂದು ಬಾಕಿ ಉಳಿದೇ ಹೋಯಿತು. ಹಸೆ ಬರೆಯುವಾಗ ಹೇಳೋ ಹಾಡು. "ಮುಂದಿನ ಸಲ" ಅಂತ ನಾನೇ ಎರಡು ಸಲ ಮುಂದೂಡಿದೆ. ಮಳೆಗಾಲದಲ್ಲಿ ಅಜ್ಜಿ ಮಲಗಿದವಳು ಮತ್ತೆ ಏಳಲಿಲ್ಲ. ತೊಂಬತ್ತು ದಾಟಿದ್ದಳು. ಆದರೂ ಇನ್ನೂ ಟೈಮ್ ಇದೆ ಅಂತಲೇ ನನಗೆ ಅನ್ನಿಸಿತ್ತು.

ವರ್ಷದ ತಿಥಿಗೆ 48 ಪುಟದ ಸಣ್ಣ ಪುಸ್ತಕ ಮಾಡಿ 60 ಪ್ರತಿ ಹಾಕಿಸಿದೆ. ಕೊನೆಯ ನಾಲ್ಕು ಪುಟ ಖಾಲಿ ಬಿಟ್ಟಿದ್ದೆ. ಊಟ ಆದ ಮೇಲೆ ಜಗಲಿಯಲ್ಲಿ ಕೂತು ಓದಿದೆ. ಹಸೆ ಗೋಡೆಯ ಭಾಗ ಬಂದಾಗ ದೊಡ್ಡತ್ತೆ ಕೈ ಅಡ್ಡ ಹಿಡಿದಳು. "ಅಲ್ಲಿ ಹಾಡು ಬರ್ಬೇಕು" ಅಂದು, ಕಣ್ಣು ಮುಚ್ಚಿ ಗುನುಗಲು ಶುರುಮಾಡಿದಳು. ನಾಲ್ಕು ಸಾಲು ಬಂತು, ಐದನೆಯದಕ್ಕೆ ತಡವರಿಸಿದಳು. ಆಚೆ ಕಂಬಕ್ಕೆ ಒರಗಿ ಕೂತಿದ್ದ ಸಣ್ಣತ್ತೆ ಅದನ್ನು ಎತ್ತಿಕೊಂಡಳು. ನಾನು ಪೆನ್ನು ಹುಡುಕುತ್ತಾ ಮೊಬೈಲ್ ಆನ್ ಮಾಡಿದೆ.