ಕೈ ಬಾವು ಅಳೆಯೋಕೆ ಹೋಗಿ

ನಾನು ಫಿಸಿಯೋಥೆರಪಿಸ್ಟ್. ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿ ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಕೆಲವರಿಗೆ ಆ ಕಡೆಯ ಕೈ ಊದಿಕೊಳ್ಳುತ್ತದೆ. ಲಿಂಫೆಡೀಮಾ ಅನ್ನುತ್ತಾರೆ. ನಮ್ಮಲ್ಲಿ ಅದರ ಮೇಲೊಂದು ಸಣ್ಣ ಅಧ್ಯಯನ ಶುರುವಾದಾಗ ನನ್ನ ಪಾಲಿಗೆ ಬಂದ ಕೆಲಸ ಅಳತೆ. ಟೇಪು ಹಿಡಿಯೋದರಲ್ಲೇನಿದೆ, ಟೈಲರೂ ಹಿಡೀತಾನೆ ಅಂದುಕೊಂಡಿದ್ದೆ.

ಮಣಿಕಟ್ಟಿನಿಂದ ಮೇಲಕ್ಕೆ 4 ಸೆಂ.ಮೀ.ಗೊಂದು ಗುರುತು ಹಾಕಿ, ಪ್ರತಿ ಗುರುತಿನಲ್ಲೂ ಸುತ್ತಳತೆ ತೆಗೆಯಬೇಕು. ಎರಡು ಗುರುತುಗಳ ನಡುವಿನ ಭಾಗವನ್ನು ತುದಿ ಕತ್ತರಿಸಿದ ಶಂಕು ಅಂತ ಲೆಕ್ಕ ಹಿಡಿದು ಎಲ್ಲ ಕೂಡಿದರೆ ಕೈಯ ಗಾತ್ರ ಸಿಗುತ್ತದೆ. ಒಳ್ಳೆಯ ಕೈಗಿಂತ ಶೇ. 10 ಜಾಸ್ತಿ ಬಂದರೆ ಲಿಂಫೆಡೀಮಾ ಅಂತ ಬರೆದುಕೊಳ್ಳುತ್ತಿದ್ದೆವು.

ಹೊರಗೆ ಕ್ಯೂ ಇರುತ್ತಿತ್ತು. ಹೊತ್ತು ಉಳಿಯಲಿ ಅಂತ ಬಲಗೈ ನಾನು, ಎಡಗೈ ನನ್ನ ಜೊತೆಯವಳು ಅಳೆಯುತ್ತಿದ್ದೆವು. ಒಂದು ದಿನ ಸುಮ್ನೆ ಇಬ್ಬರೂ ಒಂದೇ ಕೈ ಅಳೆದು ನೋಡಿದೆವು. ನನ್ನ ಟೇಪು ಬಿಗಿ, ಅವಳದು ಸಡಿಲ. ಪ್ರತಿ ಗುರುತಿನಲ್ಲೂ ಅರ್ಧ ಸೆಂ.ಮೀ. ವ್ಯತ್ಯಾಸ. ಅಷ್ಟೇ ಅಲ್ವಾ ಅನ್ನಿಸುತ್ತದೆ. ಸುತ್ತಳತೆ 26 ಸೆಂ.ಮೀ. ಇರುವ ಕೈಯಲ್ಲಿ ಅಷ್ಟಕ್ಕೇ ಗಾತ್ರ ಶೇ. 4ರ ಹತ್ತಿರ ಏರುಪೇರಾಗುತ್ತದೆ. 40 ಸೆಂ.ಮೀ. ಉದ್ದಕ್ಕೆ 80 ಮಿ.ಲೀ. ದಾಟುತ್ತದೆ. ಅಷ್ಟು ಬಾವು ರೋಗಿಯ ಕೈಯಲ್ಲಿರಲಿಲ್ಲ, ನಮ್ಮ ಬೆರಳಲ್ಲಿತ್ತು! ಅಲ್ಲಿಯವರೆಗಿನ ಫಾರಂಗಳನ್ನೆಲ್ಲ ಪಕ್ಕಕ್ಕಿಟ್ಟೆವು. ಬೈಗುಳ ಬೇರೆ.

ಆಮೇಲೆ ಒಬ್ಬರಿಗೆ ಎರಡೂ ಕೈ ಒಬ್ಬರೇ ಅಳೆಯೋದು ಅಂತಾಯಿತು. ಆಗಾಗ ನೀರಿನಲ್ಲೂ ಪರೀಕ್ಷೆ. ಅಂಚಿನವರೆಗೆ ತುಂಬಿದ ಡಬ್ಬದಲ್ಲಿ ಕೈ ಇಳಿಸಿ, ಚೆಲ್ಲಿದ ನೀರನ್ನು ತೂಗೋದು. ಗ್ರಾಂಗೆ ಒಂದು ಮಿ.ಲೀ. ರವಿಕೆ ತೋಳು ಒದ್ದೆಯಾಗುತ್ತದೆ ಅಂತ ಯಾರಿಗೂ ಇಷ್ಟವಿಲ್ಲ.

ಮಂಡ್ಯ ಕಡೆಯ ಒಬ್ಬಮ್ಮ ಟೇಪು ಸುತ್ತೋಕೆ ಮುಂಚೆಯೇ ಅಂದರು: "ಯುಗಾದೀಲಿ ತೊಟ್ಟ ಬಳೆ ಮೇಡಂ, ಈಗ ಅಲ್ಲಾಡಾಕಿಲ್ಲ ನೋಡಿ." ಲೆಕ್ಕದಲ್ಲಿ ಅವರದು ಇನ್ನೂ ಶೇ. 6. ಅವತ್ತಿನಿಂದ ಬಳೆ, ರವಿಕೆ ಬಿಗಿಯಾಗಿದೆಯಾ ಅನ್ನೋದು ನಮ್ಮ ಫಾರಂನ ಮೊದಲ ಪ್ರಶ್ನೆ.

ಹೀಗಿರುವಾಗ ಹದಿನೈದರ ಹುಡುಗಿಯೊಬ್ಬಳು ಬಂದಳು. ಕ್ಯಾನ್ಸರ್ ಇಲ್ಲ, ಎರಡೂ ಪಾದ ಊದಿವೆ. ಹೋಲಿಸೋಕೆ ಒಳ್ಳೆಯ ಕಾಲೇ ಇಲ್ಲ. ಟೇಪು ಹಿಡಿದು ಸುಮ್ಮನೆ ಕೂತೆ. ಊರಲ್ಲಿ ಆನೆಕಾಲು ಅಂತ ಹೆಸರಿಟ್ಟಾಗಿತ್ತು. ಅಪ್ಪನಿಗೂ ಅಜ್ಜಿಗೂ ಹಾಗೇ ಅಂತ ತಾಯಿ ಮೆಲ್ಲಗೆ ಹೇಳಿದರು. ವಂಶದಲ್ಲಿ ಇಳಿದು ಬರುವ ಇಂಥ ಬಾವನ್ನು ಮಿಲ್ರಾಯ್ ಎಂಬ ಅಮೆರಿಕದ ವೈದ್ಯರು 1892ರಲ್ಲೇ ವಿವರಿಸಿದ್ದರು. ಅವರು ಕಂಡದ್ದು ಹುಟ್ಟಿನಿಂದಲೇ ಇರುವ ಬಗೆ. ಇವಳಿಗೆ ಶುರುವಾಗಿದ್ದು ಮೈನೆರೆದ ಮೇಲೆ. ನಮ್ಮ ಡಾಕ್ಟರು ಕಾಲು ಬಿಟ್ಟು ಕಣ್ಣಿಗೆ ಟಾರ್ಚ್ ಹಿಡಿದರು. ರೆಪ್ಪೆಯ ಒಳಅಂಚಿನಲ್ಲಿ ಇನ್ನೊಂದು ಸಾಲು ಕೂದಲು! ಕಣ್ಣು ಚುಚ್ಚುತ್ತೆ ಅಂದಾಗೆಲ್ಲ ತಾಯಿಯೇ ಕಿತ್ತು ಹಾಕುತ್ತಿದ್ದರಂತೆ. ಎಫ್‌ಒಎಕ್ಸ್‌ಸಿ2 ಜೀನ್ ಪರೀಕ್ಷೆಗೆ ಬರೆದುಕೊಟ್ಟರು. ಆ ಜೀನ್ ಕೆಟ್ಟಿದ್ದರೆ ಕಾಲಿನ ಬಾವೂ ಈ ಎರಡನೇ ಸಾಲು ರೆಪ್ಪೆಗೂದಲೂ ಜೊತೆಜೊತೆಗೆ ಬರುತ್ತವೆ.

ಅವಳ ಕಾಲನ್ನು ಈಗ ಮೂರು ತಿಂಗಳಿಗೊಮ್ಮೆ ಅಳೆಯುತ್ತೇನೆ. ನಾನೊಬ್ಬಳೇ, ಅದೇ ಟೇಪಿನಲ್ಲಿ.